ಎಂಟನೆಯ ನೋಟ್‌ಬುಕ್

"ಅಯ್ಯಯ್ಯೋ, ಪುಸ್ತಕಕ್ಕೆ ಪಿನ್ ಹೊಡೆದವರು ಯಾರೇ?"

ಚಿಟ್ಟಿ ಸ್ಟೇಪ್ಲರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಬಾಗಿಲಲ್ಲಿ ತಾತ! ನಾಳೆ ಸ್ಕೂಲ್ ಶುರು. ಎಂಟು ನೋಟ್‌ಬುಕ್ಕುಗಳಲ್ಲಿ ಏಳಕ್ಕೆ ಅವಳೇ ಕದ್ದುಮುಚ್ಚಿ ಬೈಂಡ್ ಹಾಕಿದ್ದಳು. ಮೂಲೆಗಳೆಲ್ಲ ಉಬ್ಬಿಕೊಂಡು, ನೋಡಲಾಗುತ್ತಿರಲಿಲ್ಲ ಬಿಡಿ.

ತಾತ ಅಂದರೆ ಸಾಮಾನ್ಯದವರಲ್ಲ. ನಲವತ್ತು ವರ್ಷ ಪುಸ್ತಕ ಬೈಂಡ್ ಮಾಡಿದವರು. ಪ್ರತಿ ವರ್ಷ ಈ ದಿನ ನೆಲದ ಮೇಲೆ ಕೂತು, ಕಂದು ಕಾಗದ ಮಡಚಿ, ಹೆಬ್ಬೆರಳಿನ ಉಗುರಿನಿಂದ ಸರ್ರ್ ಅಂತ ಒಂದು ಗೀರು ಎಳೆಯುತ್ತಿದ್ದರು. ಅಷ್ಟೇ! ಮಡಿಕೆ ಸ್ಕೇಲ್ ಇಟ್ಟಂತೆ ನೇರ. ಆ ಸದ್ದು ಕೇಳಲಿಕ್ಕೆಂದೇ ಚಿಟ್ಟಿ ಪಕ್ಕದಲ್ಲಿ ಅಂಟಿಕೊಂಡು ಕೂರುತ್ತಿದ್ದಳು. ಗೋಂದಿನ ವಾಸನೆ, ತಾತನ ಸಿಳ್ಳೆ... ಎಷ್ಟು ಚೆನ್ನಾಗಿತ್ತು!

ಆಮೇಲೆ ಆ ಕಾಯಿಲೆ ಬಂತು. ಮೊದಲು, ಏನು ತಿಂದರೂ ಸಪ್ಪೆ ಅಂದರು. ಹೊಟ್ಟೆ ಕೆಟ್ಟು ಸೊರಗಿದರು. ಕೂದಲು ಉದುರಿತು. ಕೊನೆಗೆ ಉಗುರುಗಳೂ ಒಂದೊಂದಾಗಿ ಬಿದ್ದವು. ಹೊಟ್ಟೆಯೊಳಗೆ ಪಾಲಿಪ್ ಎಂಬ ಸಣ್ಣ ಗಂಟುಗಳು ತುಂಬಿವೆ, ಇದು ಬಹಳ ಅಪರೂಪದ ಕಾಯಿಲೆ ಎಂದರು ಡಾಕ್ಟರು.

"ಲಾಟರಿ ಅಂತೂ ಹೊಡೀಲಿಲ್ಲ, ಇದಾದ್ರೂ ಹೊಡೀತಲ್ಲ!" ಎಂದು ತಾತ ನಕ್ಕಿದ್ದರು. ಅಜ್ಜಿ ನಗಲಿಲ್ಲ.

"ನನ್ನನ್ನ ಯಾಕೆ ಕರೀಲಿಲ್ಲ?" ತಾತ ಈಗ ಕೇಳಿದರು.

"ನಿಂಗೆ ಉಗುರಿಲ್ವಲ್ಲ ತಾತ... ಬೇಜಾರಾಗುತ್ತೆ ಅಂತ."

ತಾತ ಒಳಗೆ ಬಂದರು. "ಕರೀದೇ ಇದ್ದಿದ್ದಕ್ಕೇ ಬೇಜಾರಾಯ್ತು ಕಣೇ."

ಚಿಟ್ಟಿಗೆ ಅಳು ಬಂತು. ತಾತ ಪಕ್ಕದಲ್ಲಿ ಕೂತು ಹೆಬ್ಬೆರಳು ತೋರಿಸಿದರು. ಬುಡದಲ್ಲಿ ಅಕ್ಕಿಕಾಳಿನಷ್ಟು ಹೊಸ ಉಗುರು!

"ಮಾತ್ರೆ ಕೆಲಸ ಮಾಡ್ತಿದೆ. ಪೂರ್ತಿ ಬರೋಕೆ ಆರು ತಿಂಗಳಾದ್ರೂ ಬೇಕಂತೆ."

"ಆಮೇಲೆ ಕಾಯಿಲೆ ಬರಲ್ವಾ?"

"ಬಂದ್ರೂ ಬರಬಹುದು. ಡಾಕ್ಟರು ಆಗಾಗ ನೋಡ್ತಿರ್ತಾರೆ. ಈಗ ಆ ಪಿನ್ನೆಲ್ಲ ಕಿತ್ತುಹಾಕು. ಕಾಗದ ನಾನು ಹಿಡೀತೀನಿ, ಗೀರು ನೀನು ಎಳಿ."

ಚಿಟ್ಟಿ ತನ್ನ ಉಗುರಿಟ್ಟು ಎಳೆದಳು. ಸರ್ರ್! ಅದೇ ಸದ್ದು. ತಾತ ಸಿಳ್ಳೆ ಹಾಕಿದರು.

ಏಳೂ ಪುಸ್ತಕಗಳು ಮುಗಿದವು. ತಾತ ಎಂಟನೆಯದಕ್ಕೆ ಕೈ ಚಾಚುವಷ್ಟರಲ್ಲಿ ಚಿಟ್ಟಿ ಅದನ್ನು ಬ್ಯಾಗಿಗೆ ತುರುಕಿದಳು.

ಮರುದಿನ ಕ್ಲಾಸಿನಲ್ಲಿ ಮಿಸ್ ಆ ನೋಟ್‌ಬುಕ್ ಎತ್ತಿ ಹಿಡಿದರು. "ಇದೊಂದಕ್ಕೆ ಯಾಕಮ್ಮ ಬೈಂಡ್ ಇಲ್ಲ?"

"ಅದು ನಮ್ಮ ತಾತ ಹಾಕ್ತಾರೆ ಮಿಸ್," ಎಂದಳು ಚಿಟ್ಟಿ. "ಸ್ವಲ್ಪ ಲೇಟಾಗುತ್ತೆ."