ಅರ್ಧ ಒತ್ತಿದ ಕ್ಲಚ್ಚು

"ಇದನ್ನ ಸುಟ್ಟೋರು ಯಾರು?"

ಆಸ್ಪತ್ರೆಯ ಹಿಂಬದಿಯ ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ನಿಲ್ಲಿಸಿದ್ದ ಆಂಬ್ಯುಲೆನ್ಸಿನ ಅಡಿಯಿಂದ ತೆವಳಿ ಹೊರಬಂದ ಹೊಸ ಮೆಕ್ಯಾನಿಕ್, ಕರಕಲಾಗಿದ್ದ ಕ್ಲಚ್ ಪ್ಲೇಟನ್ನು ಬೆಳಕಿಗೆ ಎತ್ತಿ ಹಿಡಿದು ಕೇಳಿದ.

"ನಾನು," ಬಾಗಿಲಲ್ಲಿ ನಿಂತಿದ್ದ ಆಕೆ ಒಂದಿಷ್ಟೂ ಅಳುಕದೆ ಹೇಳಿದಳು. "ಗಾಡಿ ಓಡಿಸೋಳೂ ನಾನೇ, ಸುಡೋಳೂ ನಾನೇ."

"ಹನ್ನೊಂದು ತಿಂಗಳಲ್ಲಿ ಇದು ಮೂರನೇದು."

"ಎಣಿಸೋಕೆ ನನಗೂ ಬರುತ್ತೆ."

ಅವನು ನಗಲಿಲ್ಲ, ಗದರಲೂ ಇಲ್ಲ. ಆ ಕಪ್ಪು ಬಿಲ್ಲೆಯನ್ನು ಮೂಗಿನ ಬಳಿಗೆ ತಂದು ಮೂಸಿದ. ಅನಂತರ ಅವಳ ಎಡಗಾಲನ್ನೇ ದಿಟ್ಟಿಸುತ್ತ ನಿಂತ.

"ಗುಡ್ಡ ಹತ್ತುವಾಗ ಈ ಕಾಲು ಎಲ್ಲಿರುತ್ತೆ?"

"ನನ್ನ ಕಾಲು ಎಲ್ಲಿರ್ಬೇಕೋ ಅಲ್ಲೇ ಇರುತ್ತೆ. ನಿಮ್ಮ ಕಣ್ಣು ಎಲ್ಲಿರ್ಬೇಕು ಅನ್ನೋದನ್ನ ಮೊದಲು ನೋಡ್ಕೊಳ್ಳಿ!"

ಅವನ ಕಿವಿಯ ತುದಿಗಳು ಕೆಂಪೇರಿದವು. ಆಕೆ ಗೆದ್ದವಳಂತೆ ತಿರುಗಿ ನಡೆದಳು. ಆದರೆ ಅಂಗಳ ದಾಟುವಷ್ಟರಲ್ಲಿ ಮನಸ್ಸು ತಾನಾಗಿ ಹಿಂದಕ್ಕೆ ಹೊರಳಿತು. ಎಂಥ ಮನುಷ್ಯ ಇವನು... ಸುಟ್ಟ ಕ್ಲಚ್ಚನ್ನು ಸಂಪಿಗೆ ಹೂವಿನಂತೆ ಮೂಸುತ್ತಾನಲ್ಲ!

ಆಕೆ ಆ ಆಸ್ಪತ್ರೆಯ ಗುಡ್ಡದ ದಾರಿಯ ಚಾಲಕಿ. ಡಾಂಬರು ಮುಗಿದ ಮೇಲೆ ಆರು ಕಿಲೋಮೀಟರು ಬರೀ ಕಲ್ಲು, ಕೊರಕಲು, ಜಾರುಮಣ್ಣು; ಹೋಗುವಾಗಲೂ ಬರುವಾಗಲೂ ಏರು ತಪ್ಪದು. ಅದರ ತುದಿಯಲ್ಲಿ ನೂರೈವತ್ತು ಮನೆಗಳ ಊರು. ಅಲ್ಲಿಂದ ಬಸುರಿಯರನ್ನೂ ಮುದುಕರನ್ನೂ ಇಳಿಸಿ ತರುವ ಕೆಲಸವನ್ನು ಐದು ವರ್ಷದಿಂದ ಮಾಡುತ್ತಿದ್ದಳು. ಊರಿಗೆಲ್ಲ ಆಕೆ 'ಡ್ರೈವರಮ್ಮ'. ಅವನು ಬಂದು ಹದಿನೈದು ದಿನವಾಗಿತ್ತಷ್ಟೆ. ಕಂಡದ್ದಕ್ಕೆಲ್ಲ ಪ್ರಶ್ನೆ ಕೇಳುವ ಅವನಿಗೆ ಆಸ್ಪತ್ರೆಯವರು ಆಗಲೇ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟು ಮುಗಿಸಿದ್ದರು.

ಅದೇ ದಿನ ದೊಡ್ಡ ಡಾಕ್ಟರಮ್ಮ ಇಬ್ಬರನ್ನೂ ಕರೆಸಿದರು.

"ಗುಡ್ಡಕ್ಕೆ ಹೊಸ ಗಾಡಿ ಬರುತ್ತೆ. ಪರೀಕ್ಷೆಗೆ ಅಂತ ಎರಡು ಕಳಿಸ್ತಿದ್ದಾರೆ. ಎರಡೂ ನಾಲ್ಕು ಚಕ್ರಕ್ಕೂ ಎಳೆತ ಇರೋವು. ಒಂದು ಗೇರಿಂದು, ಒಂದು ಆಟೋಮ್ಯಾಟಿಕ್. ಇಬ್ರೂ ಸೇರಿ ಗುಡ್ಡದ ಮೇಲೆ ಓಡಿಸಿ ನೋಡಿ. ಯಾವುದು ತಗೋಬೇಕು ಅಂತ ಈ ಮೆಕ್ಯಾನಿಕ್ ಆಸ್ಪತ್ರೆ ಸಮಿತಿಗೆ ವರದಿ ಕೊಡ್ತಾರೆ." ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಮಾತಮ್ಮ. ಮೂರು ಕ್ಲಚ್ ಹೋಯ್ತಲ್ಲ... ಗುಡ್ಡಕ್ಕೆ ಇದೇ ಡ್ರೈವರ್ ಸಾಕಾ ಅಂತ ಸಮಿತಿಯವರು ಕೇಳ್ತಿದ್ದಾರೆ."

ಆಕೆ ಕಿಟಕಿಯಾಚೆಯ ಗುಡ್ಡದ ಕಡೆ ನೋಡಿದಳು. ಆ ದಾರಿಯನ್ನು ಬಿಟ್ಟರೆ ತನಗೆ ತನ್ನದೆನ್ನುವುದು ಇನ್ನೇನಿದೆ?

ಮನೆಯಲ್ಲಿ ಅಪ್ಪ, ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು, ಸುದ್ದಿ ಕೇಳಿ ಕುರ್ಚಿಯಿಂದ ಅರ್ಧ ಎದ್ದ.

"ಆಟೋಮ್ಯಾಟಿಕ್ಕಾ! ಮಗಳೇ, ಗೇರಿಲ್ಲದ ಗಾಡಿ ಓಡಿಸೋನು ಡ್ರೈವರಲ್ಲ, ಸ್ಟೀರಿಂಗ್ ಮುಂದೆ ಕೂತಿರೋ ಪ್ಯಾಸೆಂಜರು! ಬ್ಯಾಟರಿ ಸತ್ರೆ ತಳ್ಳಿ ಸ್ಟಾರ್ಟ್ ಮಾಡೋಕಾಗುತ್ತಾ? ಇಳಿಜಾರಲ್ಲಿ ಎಂಜಿನ್ನು ಹಿಡಿದು ನಿಲ್ಸುತ್ತಾ? ಕೇಳು ಆ ನಿನ್ನ ಪ್ರಶ್ನೆಪತ್ರಿಕೇನ!"

"ಅವನು ನನ್ನೋನಲ್ಲಪ್ಪ," ಎಂದಳು ಆಕೆ, ಬೇಕಾದದ್ದಕ್ಕಿಂತ ತುಸು ಗಟ್ಟಿಯಾಗಿ.

ಪರೀಕ್ಷೆಯ ಬೆಳಿಗ್ಗೆ ಅವನು ಗೇರಿನ ಗಾಡಿಯ ಹಿಂಬಾಗಿಲು ತೆರೆದು, ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿ, ಎದೆಯ ಮೇಲೆ ತುಂಬಿದ ನೀರಿನ ಲೋಟವಿಟ್ಟುಕೊಂಡ.

"ಇದೇನು ವೇಷ?"

"ನೀವು ಓಡ್ಸಿ. ನನ್ನನ್ನ ಬಸುರಿ ಅಂದ್ಕೊಳ್ಳಿ."

ಆಕೆಗೆ ನಗು ತಡೆಯಲಾಗಲಿಲ್ಲ. "ಎಷ್ಟನೇ ತಿಂಗಳು?"

"ದಿನ ತುಂಬಿದೆ. ನಿಧಾನ."

ಕಲ್ಲಿನ ಏರು ಮೊದಲಾದೊಡನೆ ಆಕೆಯ ಎಡಗಾಲು ಎಂದಿನಂತೆ ಕ್ಲಚ್ಚನ್ನು ಅರ್ಧಕ್ಕೆ ಒತ್ತಿ ಹಿಡಿಯಿತು. ಪೂರ್ತಿ ಬಿಟ್ಟರೆ ಗಾಡಿ ಪ್ರತಿ ಕಲ್ಲಿಗೂ ಒದೆಯುತ್ತದೆ. ಪೂರ್ತಿ ಒತ್ತಿದರೆ ಹಿಂದಕ್ಕೆ ಜಾರುತ್ತದೆ. ಇವೆರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಪಾದವನ್ನು ನಡುಗಿಸದೆ ನಿಲ್ಲಿಸುವುದು ಆಕೆಯ ಗುಟ್ಟು. ತೊಡೆ ಸಿಡಿಯುತ್ತಿತ್ತು. ಸುಟ್ಟ ವಾಸನೆ ತೆಳ್ಳಗೆ ಏಳುತ್ತಿತ್ತು.

ಮೇಲೆ ತಲುಪಿದಾಗ ಹಿಂದಿನಿಂದ ಸದ್ದೇ ಇಲ್ಲ. ಇಳಿದು ನೋಡಿದರೆ ಅವನು ಲೋಟವನ್ನೇ ನೋಡುತ್ತ ಮಲಗಿದ್ದಾನೆ. ಒಂದು ಹನಿಯೂ ಚೆಲ್ಲಿರಲಿಲ್ಲ.

"ಯಾರು ಕಲಿಸಿದ್ದು ಇದನ್ನ?" ಅವನ ದನಿ ತಗ್ಗಿತ್ತು.

ಯಾರಿಗೂ ಹೇಳದ ಮಾತು ಅದೇಕೋ ತಾನಾಗಿ ಆಕೆಯ ಬಾಯಿಗೆ ಬಂತು.

"ಮೊದಲನೇ ವರ್ಷ... ಒಬ್ಬಾಕೆ ಹಿಂದೆ ಮಲಗಿದ್ಲು. ಪುಸ್ತಕದಲ್ಲಿರೋ ಹಾಗೆ ಓಡಿಸ್ದೆ ನಾನು. ಏರಿನ ಒಂದೊಂದು ಕಲ್ಲಿಗೂ ಅವಳು 'ಅಕ್ಕಾ' ಅಂತ ಕೂಗೋಳು. ತಾಯಿ ಮಗು ಚೆನ್ನಾಗೇ ಇದ್ದಾರೆ. ಆದ್ರೆ ಆ ಕೂಗು ನನ್ನ ಕಿವೀಲೇ ಉಳೀತು. ಕ್ಲಚ್ ಸುಟ್ರೆ ಬೇರೆ ಹಾಕ್ಬಹುದು ಅಲ್ವಾ?"

ಅವನು ಸ್ಟ್ರೆಚರಿನಿಂದ ಎದ್ದು ಕುಳಿತು ಆಕೆಯನ್ನು ನೋಡಿದ. ಆಕೆಗೆ ತಟ್ಟನೆ ತನ್ನ ಕೆದರಿದ ಕೂದಲಿನ ನೆನಪಾಯಿತು.

ಮಾರನೆಯ ದಿನ ಆಟೋಮ್ಯಾಟಿಕ್ ಗಾಡಿಯ ಸರದಿ. ಮತ್ತೆ ಸ್ಟ್ರೆಚರು, ಮತ್ತೆ ಲೋಟ.

"ಇದ್ರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತೆ," ಅವನು ಮಲಗಿದಲ್ಲಿಂದಲೇ ವಿವರಿಸಿದ. "ನಿಮ್ಮ ಎಡಗಾಲು ಮಾಡೋ ಕೆಲಸ ಆ ಎಣ್ಣೆ ಮಾಡುತ್ತೆ. ಸುಟ್ಟು ಹೋಗೋಕೆ ಅಲ್ಲಿ ಪ್ಲೇಟಿಲ್ಲ. ಬಿಸಿ ಜಾಸ್ತಿ ಆದ್ರೆ ದೀಪ ಹತ್ತುತ್ತೆ, ಐದು ನಿಮಿಷ ನಿಂತ್ರೆ ಸರಿ."

"ಮತ್ತೆ ನನ್ನ ಎಡಗಾಲಿಗೇನು ಕೆಲಸ?"

"ರಜ."

ಐದು ವರ್ಷದ ಅಭ್ಯಾಸಕ್ಕೆ ರಜ ಒಗ್ಗುವುದುಂಟೇ? ಮೊದಲ ದೊಡ್ಡ ಕಲ್ಲು ಎದುರಾದೊಡನೆ ಆ ಕಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹೊರಟು ಬ್ರೇಕನ್ನೇ ಬಲವಾಗಿ ತುಳಿಯಿತು. ಗಾಡಿ ಮುಗ್ಗರಿಸಿ ನಿಂತಿತು. ಹಿಂದೆ ಲೋಟ ಉರುಳಿದ ಸದ್ದು.

"ಹುಟ್ಟೇಬಿಡ್ತು!" ಅವನ ಕೂಗು ಕೇಳಿತು.

ತೊಯ್ದು ತೊಪ್ಪೆಯಾಗಿದ್ದ ಅವನನ್ನು ಕಂಡು ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು! ಎಡಗಾಲನ್ನು ಸೀಟಿನಡಿಗೆ ಮಡಚಿಟ್ಟುಕೊಳ್ಳಲು ಅವನು ಹೇಳಿಕೊಟ್ಟ. ಎರಡನೆಯ ಏರಿಗೆ ಗಾಡಿ ಬೆಣ್ಣೆಯಿಂದ ಕೂದಲು ತೆಗೆದಂತೆ ಹತ್ತಿತು. ಆಕೆಗೆ ಸೋಜಿಗ... ಜೊತೆಗೆ, ತನ್ನ ಗುಟ್ಟನ್ನು ಯಂತ್ರವೊಂದು ಕದ್ದಂತೆ ಸಣ್ಣ ಸಂಕಟ. ಇಳಿಯುವ ಪಾಳಿಯಲ್ಲಿ ಮಾತ್ರ ಆಕೆ ಗಾಡಿಯನ್ನು ಅವನಿಗೇ ಬಿಟ್ಟುಕೊಟ್ಟಳು. ಅಪ್ಪನ ಮಾತನ್ನು ಅವನಿಗೂ ಹೇಳಿದಳು. ಎಂಜಿನ್ನು ಹಿಡಿಯದ ಗಾಡಿಯನ್ನು ನಂಬುವುದು ಹೇಗೆ?

ನಾಲ್ಕು ದಿನ ಕಳೆದವು. ಐದನೆಯ ದಿನ ಆಸ್ಪತ್ರೆಯ ಗೋಡೆಗೆ ಒಂದು ಕಾಗದ ಅಂಟಿತ್ತು. ಸೋಮವಾರದಿಂದ ಗುಡ್ಡದ ದಾರಿಗೆ ಬದಲಿ ಡ್ರೈವರ್. ಆಕೆಗೆ ಪೇಟೆಯೊಳಗಿನ ಓಡಾಟ.

ದೊಡ್ಡ ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು ಅವನ ವರದಿಯನ್ನು ತೋರಿಸಿದರು. ಅದರಲ್ಲಿದ್ದದ್ದು ಮೂರೇ ಸಾಲು. 'ಚಾಲಕಿಯು ಏರಿನಲ್ಲಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯುತ್ತಾರೆ. ಈ ಅಭ್ಯಾಸ ಬದಲಾಗುವುದಿಲ್ಲ. ಆದ್ದರಿಂದ ಆಟೋಮ್ಯಾಟಿಕ್ ವಾಹನ ಸೂಕ್ತ.'

"ಅಭ್ಯಾಸ ಬದಲಾಗದಿದ್ರೆ ಡ್ರೈವರನ್ನೇ ಬದಲಾಯಿಸೋಣ, ಗೇರಿನ ಗಾಡೀನೇ ಸಾಕು ಅಂದ್ರಮ್ಮ ಸಮಿತಿಯವರು. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ಆಕೆಯ ಕಣ್ಣು ಮಂಜಾಯಿತು. ಹೃದಯ ಬಿಚ್ಚಿ ಹೇಳಿದ್ದೆನಲ್ಲ... ಅದು ಇವನ ಪೆನ್ನಿಗೆ ಬರೀ ಒಂದು ಕೆಟ್ಟ ಅಭ್ಯಾಸವಾಯಿತೇ!

ಗ್ಯಾರೇಜಿನಲ್ಲಿ ಅವನು ಸ್ಪ್ಯಾನರು ಹಿಡಿದು ಬಗ್ಗಿದ್ದ.

"ಕಂಗ್ರಾಜುಲೇಷನ್ಸ್," ಎಂದಳು ಆಕೆ. "ನಿಮ್ಮ ಮೂರು ಸಾಲಿಗೆ ನನ್ನ ಐದು ವರ್ಷ ಹೋಯ್ತು."

ಅವನು ಸುದ್ದಿ ಕೇಳಿರಲಿಲ್ಲ. ಕೇಳಿದ ಮೇಲೆ ಮುಖದ ಬಣ್ಣ ಇಳಿಯಿತು. "ಅಯ್ಯೋ... ನಾನು ನಿಮಗೆ ಒಳ್ಳೇ ಗಾಡಿ ಸಿಗ್ಲಿ ಅಂತ..."

"ಬದಲಾಗಲ್ಲ ಅಂತ ಬರೆದ್ರಿ. ಯಾಕೆ ಬದಲಾಗಲ್ಲ ಅಂತ ಯಾಕೆ ಬರೀಲಿಲ್ಲ?"

"ಅದು ಗಾಡಿ ವಿಷಯ ಅಲ್ಲ, ನಿಮ್ಮ ಮನಸ್ಸಿನ ವಿಷಯ ಅಂದ್ಕೊಂಡೆ. ನೀವು ನಂಬಿ ಹೇಳಿದ್ದನ್ನ ಸರ್ಕ್ಯುಲರಿನ ಥರ ನಾಲ್ಕು ಜನ ಓದೋದು ಬೇಡ ಅಂತ..."

"ನಟ್ಟು, ಬೋಲ್ಟು, ಎಲ್ಲವನ್ನೂ ನೂರು ಪ್ರಶ್ನೆ ಕೇಳ್ತೀರಿ ನೀವು. ಬರೆಯೋ ಮುಂಚೆ ನನ್ನನ್ನ ಒಂದೇ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಆಕೆ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟಳು. ಹಿಂದಿರುಗಿ ನೋಡಬಾರದೆಂದು ನಿಶ್ಚಯಿಸಿದ್ದಳು, ನೋಡಲೂ ಇಲ್ಲ. ಆದರೆ ಮನೆ ತಲುಪಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳುವಾಗ ಅತ್ತೇಬಿಟ್ಟಳು.

"ಅತ್ತು ಯಾಕೆ ಸಾಯ್ತೀಯ?" ಎಂದ ಅಪ್ಪ. ಬಳಿಕ ಮೆತ್ತಗೆ, "ಅವನು ಬರೆಯೋಕೆ ಬಾರದೋನು, ಕೆಟ್ಟೋನಲ್ಲ ಅನ್ಸುತ್ತೆ," ಎಂದು ಸೇರಿಸಿದ.

"ನೀನು ಯಾರ ಕಡೆ?"

"ನಾನು ಲಾರಿ ಕಡೆ."

ಶನಿವಾರ ಬೆಳಿಗ್ಗೆ ದೊಡ್ಡ ಡಾಕ್ಟರಮ್ಮನ ಫೋನು ಬಂತು. "ಈಗ್ಲೇ ಗುಡ್ಡದ ಬುಡಕ್ಕೆ ಬಾಮ್ಮ."

ಹೋಗಿ ನೋಡಿದರೆ ಅಲ್ಲೊಂದು ವಿಚಿತ್ರ ಕಾದಿತ್ತು. ಗೇರಿನ ಗಾಡಿಯ ಸ್ಟ್ರೆಚರಿನ ಮೇಲೆ ಸಮಿತಿಯ ಅಧ್ಯಕ್ಷರು, ದಪ್ಪ ಮೈಯ ಆ ಹಿರಿಯರು, ಬೆಲ್ಟಿನಿಂದ ಬಿಗಿಸಿಕೊಂಡು ಮಲಗಿದ್ದರು! ಎರಡು ದಿನ ಅವರ ಬಾಗಿಲು ಕಾದು, ತನ್ನ ವರದಿಯೇ ತಪ್ಪೆಂದು ಒಪ್ಪಿಕೊಂಡು, ಅವರನ್ನು ಇಲ್ಲಿಗೆ ಕರೆತಂದವನು ಪ್ರಶ್ನೆಪತ್ರಿಕೆ.

ಆಕೆಯ ಬಳಿ ಬಂದು ಅವನು ತಗ್ಗಿದ ದನಿಯಲ್ಲಿ ಕೇಳಿದ: "ಈ ಸಲ ಮೊದಲೇ ಕೇಳ್ತಿದೀನಿ. ನೀವು ಹೇಳಿದ್ದನ್ನ ಇವರಿಗೆ ಹೇಳ್ಬಹುದಾ?"

ಆಕೆ ಅವನ ಮುಖ ನೋಡಿದಳು. ನಿದ್ದೆಗೆಟ್ಟ ಕಣ್ಣು, ಎರಡು ದಿನದ ಗಡ್ಡ. "ಬೇಡ. ಓಡಿಸಿ ತೋರಿಸ್ತೀನಿ," ಎಂದಳು.

ಅರ್ಧ ಗುಡ್ಡ ಬದಲಿ ಡ್ರೈವರು ಓಡಿಸಿದ. ತಪ್ಪಿಲ್ಲದ ಕೆಲಸ, ಒಂದನೇ ಗೇರು, ಕ್ಲಚ್ಚಿನಿಂದ ಕಾಲು ದೂರ, ಎಲ್ಲವೂ ನಿಯಮದಂತೆ. ಆದರೆ ಹಿಂದಿನಿಂದ ಬಂದ ಕೂಗಾಟಕ್ಕೆ ಹಕ್ಕಿಗಳೆಲ್ಲ ಹಾರಿದವು.

"ನನ್ನ ಸೊಂಟ! ಲೋ, ನಾನು ಮನುಷ್ಯ ಕಣೋ, ಮೂಟೆ ಅಲ್ಲ!"

ಉಳಿದರ್ಧ ಆಕೆಯದು. ತುದಿಯಲ್ಲಿ ಬಾಗಿಲು ತೆರೆದಾಗ ಅಧ್ಯಕ್ಷರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಗಾಡಿಯ ಅಡಿಯಿಂದ ಮಾತ್ರ ಸುಟ್ಟ ವಾಸನೆ ಗಾಢವಾಗಿ ಬರುತ್ತಿತ್ತು.

ಎಚ್ಚರಗೊಂಡ ಅವರು ಮೂಗು ಅರಳಿಸಿದರು. ಬಹಳ ಹೊತ್ತು ಆಕೆಯ ಕಡೆ ನೋಡಿದರು. "ಈ ಊರಿಗೇ ಕೊಟ್ಟಿರೋ ನನ್ನ ಮಗಳ ಹೆರಿಗೆ ಮುಂದಿನ ತಿಂಗಳು," ಎಂದರು ಕೊನೆಗೆ. "ಡ್ರೈವರಮ್ಮ ಇಲ್ಲೇ ಇರ್ಲಿ. ಗಾಡಿ ಯಾವುದು ಅನ್ನೋದನ್ನ ಆಕೇನೇ ಹೇಳ್ಲಿ."

ಎಲ್ಲರ ಕಣ್ಣೂ ಆಕೆಯ ಮೇಲೆ. ಆಕೆ ತಡವರಿಸದೆ ಹೇಳಿದಳು: "ಆಟೋಮ್ಯಾಟಿಕ್ ಹತ್ತೋದನ್ನ ನೋಡಿದೀನಿ. ಇಳಿಯೋದನ್ನ ನಾನೇ ಇಳಿಸಿ ನೋಡ್ಬೇಕು. ಆಮೇಲೆ ಹೇಳ್ತೀನಿ."

ಮೆಕ್ಯಾನಿಕ್ ಹಿಂದೆಯೇ ಓಡಿಸಿ ತಂದಿದ್ದ ಆಟೋಮ್ಯಾಟಿಕ್ ಗಾಡಿಗೆ ಆಕೆ ಹತ್ತಿದಳು. ಪಕ್ಕದ ಸೀಟಿನಲ್ಲಿ ಅವನು. "ನಾನು ನಡ್ಕೊಂಡೇ ಬರ್ತೀನಿ!" ಎಂದು ಅಧ್ಯಕ್ಷರು ಬದಲಿ ಡ್ರೈವರಿಗೆ ಹೇಳುತ್ತಿದ್ದುದು ಕೇಳಿಸಿತು.

ಮೊದಲ ಇಳಿಜಾರು ಬಾಯ್ದೆರೆದು ನಿಂತಿತ್ತು.

"ಮೊದಲು ಲೋ ರೇಂಜ್, ನಿಧಾನದ ಓಟಕ್ಕೆ. ಗೇರನ್ನ ಎಲ್‌ಗೆ ಎಳೀರಿ," ಎಂದ ಅವನು. "ಮಾಮೂಲಿ ಓಟದ ಡಿನಲ್ಲೇ ಬಿಟ್ರೆ ನಿಮ್ಮಪ್ಪ ಹೇಳಿದ್ದು ನಿಜ, ಓಡಿಬಿಡುತ್ತೆ. ಈಗ ಎಂಜಿನ್ನು ಹಿಡಿಯುತ್ತೆ. ಬ್ರೇಕಿಗೆ ಬೆರಳು ತಾಗಿಸಿದಷ್ಟು ಸಾಕು."

ಆಕೆ ಉಸಿರು ಬಿಗಿಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಗಾಡಿ ಮುಂದಕ್ಕೆ ಬಾಗಿತು... ಜಾರಲಿಲ್ಲ. ಒಳಗಿನಿಂದ ಯಾರೋ ಸೆರಗು ಹಿಡಿದು ನಿಲ್ಲಿಸಿದಂತೆ ಗುರುಗುಡುತ್ತ ಒಂದೊಂದೇ ಕಲ್ಲನ್ನು ಸವರಿಕೊಂಡು ಇಳಿಯಿತು.

"ಹಿಡೀತು! ನಿಜವಾಗ್ಲೂ ಹಿಡೀತು ಕಣ್ರೀ!"

"ನಿಮ್ಮಪ್ಪನ ಗೇರಿನ ಗಾಡಿಯಷ್ಟು ಗಟ್ಟಿಯಾಗಲ್ಲ. ಸುಳ್ಳು ಹೇಳಲ್ಲ ನಾನು. ಬ್ಯಾಟರಿ ಸತ್ರೆ ತಳ್ಳೋಕೂ ಆಗಲ್ಲ. ಅದಕ್ಕೆ ಎರಡನೇ ಬ್ಯಾಟರಿ ಕೂರಿಸ್ತೀನಿ."

"ಇರ್ಲಿ. ಇದೇ ಬೇಕು ನನಗೆ," ಎಂದಳು ಆಕೆ. "ಹಿಂದೆ ಮಲಗಿರೋರಿಗೂ ಒಳ್ಳೇದು, ನನ್ನ ತೊಡೆಗೂ ಒಳ್ಳೇದು. ಇದು ನಾನು ಆರಿಸಿದ್ದು. ಬರ್ಕೊಳ್ಳಿ."

ಎರಡು ತಿರುವು ದಾಟಿದ ಮೇಲೆ ಅವನು ರಸ್ತೆಯನ್ನೇ ನೋಡುತ್ತ ಹೇಳಿದ:

"ಈ ಅಭ್ಯಾಸ ಬದಲಾಗುವುದಿಲ್ಲ ಅಂತ ಬರೆದೆ. ಬದಲಾಗೋದು ಬೇಡವೇ ಬೇಡ ಅನ್ನೋದು ನನ್ನ ಮನಸ್ಸಲ್ಲಿತ್ತು. ಕಾಣದವರ ನೋವಿಗೆ ತನ್ನ ಕಾಲು ನೋಯಿಸ್ಕೊಳ್ಳೋ ಹೆಂಗಸನ್ನ ನಾನು ಇನ್ನೆಲ್ಲೂ ನೋಡಿಲ್ಲ. ಆ ಲೋಟ ನೋಡ್ತಾ ಮಲಗಿದ್ದಾಗ್ಲೇ... ನಾನು ನಿಮ್ಮನ್ನ ತುಂಬಾ ಇಷ್ಟಪಟ್ಟುಬಿಟ್ಟೆ."

ಆಕೆಯ ಕೆನ್ನೆ ಬಿಸಿಯಾಯಿತು. ಕಣ್ಣು ದಾರಿಯಿಂದ ಕದಲಲಿಲ್ಲ; ತುಟಿ ಮಾತ್ರ ಮಾತು ಕೇಳದೆ ಅರಳಿತು.

"ನನ್ನ ಅಭಿಪ್ರಾಯ ಕೇಳಲ್ವಾ?"

"ಕೇಳೋಕೆ ಹೆದರಿಕೆ."

"ಕೇಳಿ ನೋಡಿ."

"ನಿಮ್ಮ ಕೈ ಹಿಡ್ಕೋಬಹುದಾ?"

"ಈಗ ಆಗಲ್ಲ. ಇಳಿಜಾರಲ್ಲಿ ಎರಡೂ ಕೈ ಸ್ಟೀರಿಂಗ್ ಮೇಲಿರ್ಬೇಕು."

"ಮತ್ತೆ... ಯಾವಾಗ?"

"ಇನ್ನು ನಾಲ್ಕೇ ತಿರುವು. ಆಮೇಲೆ ನೆಲ ಸಮ."

ಅವನು ಕಿಟಕಿಯಾಚೆ ಇಣುಕಿ ತುಂಬ ಗಂಭೀರವಾಗಿ, "ಒಂದು," ಎಂದ.