ತಿಲಕ್ ಸರ್ ಹಾಕದ ಸಹಿ

"ನಿಮ್ಮ ಲಾಗ್‌ಬುಕ್ಕಿಗೆ ನಾನು ಸಹಿ ಹಾಕುವುದಿಲ್ಲ, ಸುಪ್ರೀತಾ."

ಸುಪ್ರೀತಾ ಉಳಿದವರ ಪುಸ್ತಕಗಳತ್ತ ನೋಡಿದಳು. ಗೆಳತಿ ಲೊರೈನ್‌ಗೆ ಹಾಕಿದರು, ಉಳಿದಿಬ್ಬರಿಗೂ ಹಾಕಿದರು... ತನಗೊಬ್ಬಳಿಗೇ ಇಲ್ಲ!

"ತಪ್ಪೇನಾದರೂ ಇದೆಯಾ ಸರ್?"

"ಇಲ್ಲ. ಪುಸ್ತಕ ನನ್ನ ಹತ್ರವೇ ಇರಲಿ." ತಿಲಕ್ ಅವಳ ಮುಖ ಸಹ ನೋಡಲಿಲ್ಲ.

ಅದು ೧೯೯೦ರ ಮೇ ತಿಂಗಳು. ತಿಲಕ್ ಕೊಲ್ಲಿ ನಾಡಿನ ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಭೂವಿಜ್ಞಾನಿ, ಊರು ಕಾರ್ಕಳ. ಪ್ರತಿ ಶುಕ್ರವಾರ ಶುವೈಖ್‌ನ ಗ್ಯಾರೇಜೊಂದರ ಮೇಲಿನ ಕೋಣೆಯಲ್ಲಿ, ಭೂವಿಜ್ಞಾನ ಓದುವ ಈ ನಾಲ್ವರನ್ನು ವೃತ್ತಿ ನೋಂದಣಿಗೆ ತಯಾರು ಮಾಡುತ್ತಿದ್ದ, ಅದೂ ಪುಕ್ಕಟೆ! ಬಿಸಿಲಲ್ಲಿ ಅಲೆದು ನಕ್ಷೆ ಸಮೇತ ಬರೆದ ಲಾಗ್‌ಬುಕ್ಕಿಗೆ ನೋಂದಾಯಿತ ಭೂವಿಜ್ಞಾನಿಯೊಬ್ಬರ ಸಹಿ ಬೀಳಬೇಕು. ಬೀಳದಿದ್ದರೆ ಅರ್ಜಿ ಹೋಗದು, ಕೈಗೆ ಬಂದ ಕೆಲಸವೂ ಹೋದಂತೆಯೇ. ಕೊನೆಯ ದಿನ ಮುಂದಿನ ಶನಿವಾರ.

ಮೆಟ್ಟಿಲಿಳಿಯುವಾಗ ಲೊರೈನ್ ಕಿವಿಯಲ್ಲಿ ಪಿಸುಗುಟ್ಟಿದಳು. "ಎಂತ ಗೊತ್ತುಂಟಾ ಮಾರಾಯ್ತಿ? ನಿನ್ನ ನಕ್ಷೆಯನ್ನು ಅವರು ಮೊನ್ನೆ ಅನಂತರಾಮು ಅನ್ನೋ ದೊಡ್ಡ ಆಫೀಸರಿಗೆ ತೋರಿಸ್ತಾ ಇದ್ರಂತೆ. ಅದೇ ಆಫೀಸಿನಲ್ಲಿರುವ ಪಪ್ಪ ನೋಡಿದ್ದಾರೆ."

ಮುಗಿಯಿತು! ಸುಪ್ರೀತಾಳಿಗೆ ಆ ವಾರವಿಡೀ ಅನ್ನ ಸೇರಲಿಲ್ಲ.

'ನನ್ನ ನಕ್ಷೆ ಇನ್ಯಾರದೋ ಹೆಸರಿಗೆ ಹೋಗ್ತದೆ... ಅದಕ್ಕೇ ಪುಸ್ತಕ ಇಟ್ಟುಕೊಂಡದ್ದು! ಮೊನ್ನೆ ನನ್ನ ಬರಿ ಯಾವುದೆಂದು ಬೇರೆ ಕೇಳಿದರಲ್ಲ? ಕಲ್ಲು ಮಣ್ಣಿನ ಪರೀಕ್ಷೆಗೂ ತಾಯಿಯ ವಂಶಕ್ಕೂ ಎಂತ ಸಂಬಂಧ? ಇಂಥವರನ್ನು ನಾನು... ಛೆ!'

'ನಾನು' ಎಂಬಲ್ಲಿಗೆ ಏಕೆ ನಿಂತಳೆಂದು ನೀವೇ ಊಹಿಸಿ. ಶುಕ್ರವಾರ ಬಂತೆಂದರೆ ಎರಡೆರಡು ಸಲ ತಲೆ ಬಾಚುತ್ತಿದ್ದವಳು!

ಗುರುವಾರ ಬೆಳಿಗ್ಗೆ ನೇರ ಅಹ್ಮದಿಯ ಆಫೀಸಿಗೇ ಹೋದಳು. ತಿಲಕ್ ವರಾಂಡದಲ್ಲೇ ಸಿಕ್ಕಿದ, ಕೈಯಲ್ಲಿ ಅವಳ ಪುಸ್ತಕ!

"ನನ್ನ ಎಂಟು ತಿಂಗಳ ದುಡಿಮೆ ಯಾರ ಹೆಸರಿಗೆ ಮಾಡ್ತಿದ್ದೀರಿ ಸರ್?"

ತಿಲಕ್‌ನ ಮುಖ ಬಿಳಿಚಿತು. ಪುಸ್ತಕದೊಳಗಿದ್ದ ಅರ್ಜಿಯ ಕೊನೆಯ ಪುಟ ತೆರೆದು ಅವಳ ಮುಂದೆ ಹಿಡಿದ.

ಸಹಿ ಹಾಕುವವರ ಪ್ರಮಾಣ ಅಲ್ಲಿತ್ತು: 'ಅಭ್ಯರ್ಥಿ ನನ್ನ ಸಂಬಂಧಿಯಲ್ಲ. ಮದುವೆ ಸಂಬಂಧ ಬೆಳೆಸುವ ಉದ್ದೇಶವೂ ನನಗಿಲ್ಲ.'

"ಇದರ ಕೆಳಗೆ ನಾನು ಹೇಗೆ ಸಹಿ ಹಾಕಲಿ? ಸುಳ್ಳಾಗ್ತದೆ, ಸುಪ್ರೀತಾ."

ಅವಳ ಕಿವಿ ಬಿಸಿಯಾಯಿತು. ಬರಿ ಕೇಳಿದ್ದೂ ಅದಕ್ಕೇ, ಒಂದೇ ಬರಿಯವರು ಮದುವೆಯಾಗುವಂತಿಲ್ಲವಲ್ಲ! ಸಿಟ್ಟೂ ಬಂತು, ಅಳುವೂ ಬಂತು.

"ನನ್ನನ್ನು ಕೇಳ್ಬೇಕಿತ್ತಲ್ಲ!"

"ಸಹಿಗೋಸ್ಕರ ನೀವು ಹೂಂ ಅಂದುಬಿಟ್ಟರೆ? ಆ ಭಯ ನನಗೆ. ಅದಕ್ಕೇ ನನ್ನ ಬದಲು ಸಹಿ ಹಾಕಿ ಅಂತ ಅನಂತರಾಮು ಅವರ ಕೈಕಾಲು ಹಿಡಿದೆ. ನಿಮ್ಮನ್ನು ಪ್ರಶ್ನೆ ಕೇಳಿಯೇ ಸಹಿ ಹಾಕುವುದಂತೆ. ಭಾರೀ ಕಟ್ಟುನಿಟ್ಟಿನ ಮನುಷ್ಯ, ಅರ್ಧಕ್ಕರ್ಧ ಜನರನ್ನು ವಾಪಸ್ ಕಳಿಸ್ತಾರೆ..." ತಿಲಕ್ ಜೇಬಿನಿಂದ ಪೆನ್ನು ತೆಗೆದ. "ನಿಮಗೆ ನಾನು ಬೇಡ ಅಂದರೆ ಈಗಲೇ ಹೇಳಿ. ನನ್ನ ಉದ್ದೇಶ ಇಲ್ಲಿಗೇ ಖಲಾಸ್. ಈ ನಿಮಿಷವೇ ಸಹಿ ಹಾಕ್ತೇನೆ."

ಒಂದು 'ಬೇಡ' ಅಂದರೆ ಸಾಕು, ಕೆಲಸ ಭದ್ರ! ಸುಪ್ರೀತಾ ಆ ಪೆನ್ನನ್ನೇ ನೋಡಿದಳು. ಇಡೀ ವಾರ ಈ ಮನುಷ್ಯನನ್ನು ಕಳ್ಳನೆಂದುಕೊಂಡೆನಲ್ಲಾ... ಕಣ್ಣು ತುಂಬಿತು.

"ಅನಂತರಾಮು ಸರ್ ಕೋಣೆ ಯಾವುದು?"

"ಎಡಗಡೆ ಮೂರನೇದು... ಅಂದ್ರೆ?"

"ಅಂದ್ರೆ ಪೆನ್ನು ಒಳಗಿಡಿ. ನಾನು ಬರುವ ತನಕ ಇಲ್ಲೇ ಕಾಯಿರಿ ಸರ್."

"ಇನ್ನಾದರೂ ಸರ್ ಅನ್ನಬೇಡಿ ಮಾರಾಯ್ರೆ!"

"ಅದು ಪಾಸಾದ ಮೇಲೆ," ಎಂದು ಪುಸ್ತಕ ಕಸಿದುಕೊಂಡು, ಕಣ್ಣೊರೆಸುತ್ತಾ ಮೂರನೆಯ ಬಾಗಿಲು ತಟ್ಟಿದಳು.