ಒಂದೇ ವಿಳಾಸದವರು

ಓರ್ರಿಯ ಕಣ್ಣಿಗೆ ಬೀಳದೆ ನಾನು ಎರಡು ವರ್ಷ ತಿರುಗಿದ್ದೆ. ರೇಕ್ಯಾವಿಕ್‌ನಂಥ ಅಂಗೈಯಗಲದ ಊರಿನಲ್ಲಿ ಅದು ಸಣ್ಣ ಸಾಹಸವಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ. ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತಿದ್ದೆ. ಮೇಲೆ ಹಿಮ ಉದುರುತ್ತಿತ್ತು. ಎದ್ದು ಓಡೋಣವೆಂದರೆ ಆ ಚಳಿಗೆ ಧೈರ್ಯ ಸಾಲದು. ಮಹಾಶಯ ಬಂದು ಸರಿಯಾಗಿ ನನ್ನೆದುರಿಗೇ ಇಳಿದ.

“ಹಾಡು ಆರಿಸೋ ಸಮಿತೀಲಿ ಈ ಸಲ ನೀನೂ ಇದ್ದೀಯಂತೆ, ಸುನ್ನೆವಾ,” ಅಂದ. ಹೇಗಿದ್ದೀಯ ಎಂಬ ಒಂದು ಮಾತಿಲ್ಲ. “ಯುರೋಪಿನ ಹಾಡಿನ ಸ್ಪರ್ಧೇಲಿ ನಮ್ಮ ದೇಶದ ಮಾನ ಹೋಯ್ತು ಬಿಡು.”

“ನಿನ್ನ ಹಾಡು ಹೋದ್ರೆ ತಾನೆ ಮಾನ ಹೋಗೋದು?”

“ನಾನು ಕಳಿಸೇ ಇಲ್ಲ. ನಿನ್ನ ಕಿವಿಗೆ ಹಾಡೂ ಒಂದೇ, ಕಾಫಿ ಮೆಷಿನ್ ಸದ್ದೂ ಒಂದೇ.”

ಅವನ ಹುಬ್ಬಿನ ಮೇಲೆ ಹಿಮ ಕೂತು ಕರಗುತ್ತಿತ್ತು. ಹನಿಯೊಂದು ಇಳಿದು ಮೂಗಿನ ಪಕ್ಕದ ಮಚ್ಚೆಯ ಹತ್ತಿರ ನಿಂತಿತು. ಒರೆಸಬೇಕೆನಿಸಿತು. ನೀರಿನೊಳಗೆ ನನ್ನ ಕೈಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ನೋಡುತ್ತಿದ್ದದ್ದು ನನ್ನ ಕಿವಿಯೋಲೆಯನ್ನು. ಅವನೇ ಕೊಡಿಸಿದ್ದು. ಹಾಳಾದ್ದು, ತೆಗೆದಿಡಲು ಮರೆತಿದ್ದೆ.

“ಇನ್ನೂ ಹಾಕ್ಕೊಳ್ತೀಯಾ?”

“ಬೇರೆ ಕೊಳ್ಳೋಕೆ ಪುರುಸೊತ್ತಾಗಿಲ್ಲ. ಆ ಕಡೆ ತಿರುಗು.”

ಅವನು ತಿರುಗಲಿಲ್ಲ. ನಾನೂ ಎದ್ದು ಹೋಗಲಿಲ್ಲ.

ಎರಡು ವರ್ಷದ ಹಿಂದೆ, ನಾವಿಬ್ಬರೂ ಒಂದೇ ಮನೆಯಲ್ಲಿ ಬಾಳುತ್ತಿದ್ದಾಗ, ಇವನು ರೇಡಿಯೋದಲ್ಲಿ, ನನ್ನ ದನಿ ಸೂಪರ್‌ಮಾರ್ಕೆಟ್ಟಿನಲ್ಲಿ ‘ಇಂದು ತಾಜಾ ಮೀನಿದೆ’ ಎಂದು ಕೂಗಲು ಹೇಳಿ ಮಾಡಿಸಿದ ದನಿ ಅಂತ ನಗುತ್ತಾ ಹೇಳಿದ್ದ. ನಾನು ಇವನ ಗಿಟಾರನ್ನು ಎರಡನೇ ಮಹಡಿಯಿಂದ ಹಿಮದ ಮೇಲೆ ಎಸೆದೆ. ಅದನ್ನು ಎತ್ತಿಕೊಂಡು ಹೋದವನು ಸ್ನೇಹಿತನ ಗ್ಯಾರೇಜಿನಲ್ಲಿ ಮಂಚ ಹಾಕಿಕೊಂಡ. ತಪ್ಪು ಯಾರದೆಂದು ಯಾರು ಕೇಳಿದರೂ ನಾನು ಅವನದೇ ಅನ್ನುತ್ತೇನೆ.

ಮರುದಿನ ಸಮಿತಿಯ ಕೊನೆಯ ಸಭೆ. ನಮ್ಮಲ್ಲಿ ಹಾಡು ಬರುವುದು ಸುಳ್ಳು ಹೆಸರಿನಲ್ಲಿ. ನಿಜವಾದ ಹೆಸರು ಮೊಹರು ಹಾಕಿದ ಲಕೋಟೆಯೊಳಗೆ. ಆರಿಸಿದ ಮೇಲಷ್ಟೇ ಅದನ್ನು ಒಡೆಯುವುದು. ದೇಶದ ಹಾಡನ್ನು ಆರಿಸುವ ಟಿವಿ ಸ್ಪರ್ಧೆಗೆ ಹೋಗುವ ಹತ್ತು ಹಾಡುಗಳಲ್ಲಿ ಒಂಬತ್ತು ನಿರ್ಧಾರವಾಗಿದ್ದವು. ಉಳಿದ ಒಂದು ಜಾಗಕ್ಕಾಗಿ ನಾನು ಜಗಳಕ್ಕೆ ನಿಂತಿದ್ದೆ. ಹಾಡು ಕಳಿಸಿದವರ ಸುಳ್ಳು ಹೆಸರು ‘ಒಣಮೀನು’. ಯಾವುದೋ ಹುಡುಗಿಯಿಂದ ಹಾಡಿಸಿ ಕಳಿಸಿದ್ದರು. ಮೂರು ನಿಮಿಷವೂ ಬರೀ ಬೈಗುಳ: ನೀನು ಒದ್ದೆ ಬೂಟನ್ನು ಹೀಟರಿನ ಮೇಲಿಡ್ತೀಯ, ಕಿಟಕಿ ತೆರೆದಿಟ್ಟು ಚಳಿ ಅಂತೀಯ, ಸೋತರೂ ಸೋತೆ ಅನ್ನಲ್ಲ. ಈ ದೇಶದ ಅರ್ಧ ಜನ ಹಾಗೇ ಇದ್ದಾರೆ, ನನಗೆ ಅನುಮಾನವೇ ಬರಲಿಲ್ಲ. ಇಷ್ಟು ದ್ವೇಷದ ಹಾಡು ಯಾಕೆ ಎಂದು ಉಳಿದವರು ಮೂಗು ಮುರಿದರು. ನಾನು ಮೇಜು ಕುಟ್ಟಿದೆ. ಏಳರಲ್ಲಿ ನಾಲ್ಕು ಮತ ಬೇಕಿತ್ತು. ಸರಿಯಾಗಿ ನಾಲ್ಕು ಬಿತ್ತು.

ಅಧ್ಯಕ್ಷೆ ಆಲ್ಡಿಸ್ ಲಕೋಟೆ ಒಡೆದರು. ಓರ್ರಿ!

ನನ್ನ ಮೈಯೆಲ್ಲಾ ಉರಿಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಆರಿಸಿದವರಿಗೂ ಹಾಡಿನವರಿಗೂ ನೆಂಟಸ್ತಿಕೆ ಇದೆಯೇ ಎಂದು, ಎಲ್ಲರ ಮನೆ, ಸಂಬಂಧ ದಾಖಲಾಗಿರುವ ಸರ್ಕಾರಿ ನೋಂದಣಿಯಲ್ಲಿ ನೋಡುವುದು ಪದ್ಧತಿ. ಆಲ್ಡಿಸ್ ನೋಡಿದರು, ಕನ್ನಡಕ ತೆಗೆದರು, ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಫೋನ್ ಮಾಡಿ ಅವನನ್ನೂ ಕರೆಸಿದರು.

“ನೋಡ್ರಪ್ಪ,” ಅಂದರು. “ನೋಂದಣಿ ಪ್ರಕಾರ ನೀವಿಬ್ರೂ ಇವತ್ತಿಗೂ ಜೊತೆಗಿರೋ ಜೋಡಿ. ಒಂದೇ ಮನೆ, ಒಂದೇ ವಿಳಾಸ.”

“ನೀನು ವಿಳಾಸ ಬದಲಾಯಿಸಲೇ ಇಲ್ವೇನೋ?” ನಾನು ಕಿರುಚಿದೆ.

“ಇವನು ಈ ಮನೇಲಿಲ್ಲ ಅಂತ ನೀನೇ ಒಂದು ದೂರು ಕೊಡಬಹುದಿತ್ತಲ್ಲ? ನನ್ನ ಕಾಗದಗಳೆಲ್ಲ ಎಲ್ಲಿಗೆ ಬರ್ತಿದ್ವು?”

ಎರಡು ವರ್ಷದ ಅವನ ಕಾಗದಗಳು ನನ್ನ ಮನೆ ಬಾಗಿಲ ಬಳಿಯ ಬುಟ್ಟಿಯಲ್ಲಿದ್ದವು, ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೆ.

“ಹಾಡು ಕಳಿಸಿಲ್ಲ ಅಂದೆಯಲ್ಲ, ಸುಳ್ಳ!”

“ಹೆಸರು ಹೇಳಬಾರ್ದು ಅನ್ನೋದು ನಿಮ್ಮದೇ ನಿಯಮ, ದಡ್ಡಿ!”

“ಬಾಯ್ಮುಚ್ಚಿ ಇಬ್ರೂ,” ಅಂದರು ಆಲ್ಡಿಸ್. “ನಾಲ್ಕು ಗಂಟೆಗೆ ಪಟ್ಟಿ ಹೊರಡುತ್ತೆ. ಸಂಬಂಧ ಮುಗಿದಿದೆ, ಬದಲಾಯಿಸೋಕೆ ಮರೆತಿದ್ವಿ ಅಂತ ಇಬ್ರೂ ಹೇಳಿ, ಇಲ್ಲೇ ಫೋನಲ್ಲಿ ವಿಳಾಸ ಬದಲಾಯಿಸಿ. ಮತ ಉಳಿಯುತ್ತೆ. ಮುಗಿದಿಲ್ಲ ಅಂದ್ರೆ ಇವಳ ಮತ ರದ್ದು, ಹಾಡು ಹೊರಗೆ.”

ಓರ್ರಿ ಫೋನ್ ತೆಗೆದ. ಹನ್ನೊಂದು ವರ್ಷದಿಂದ ಹಾಡು ಕಳಿಸುತ್ತಿದ್ದಾನೆ, ಒಮ್ಮೆಯೂ ಆಯ್ಕೆಯಾಗಿಲ್ಲ. ಪ್ರತಿ ಜನವರಿಯಲ್ಲೂ ಆ ಇಲ್ಲವೆಂಬ ಕಾಗದ ಬಂದಾಗ ಅವನು ಊಟ ಬಿಟ್ಟು ಕೂರುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಒತ್ತು ಎಂದು ಮನಸ್ಸು ಹೇಳಿತು. ಒತ್ತಬೇಡ ಎಂದೂ ಅದೇ ಮನಸ್ಸು ಹೇಳಿತು.

“ಒತ್ತೋ,” ಅಂದೆ. “ಇನ್ನೇನು ಕಾಯ್ತಿದ್ದೀಯ?”

“ಒತ್ತೇ ಒತ್ತುತ್ತೀನಿ. ನಿನ್ನ ಪೀಡೆ ಕಳೀಲಿ.”

ಆಲ್ಡಿಸ್ ಸಭೆಯ ಟಿಪ್ಪಣಿ ತಿರುವುತ್ತಾ, ತಮಗೇ ಎಂಬಂತೆ ಓದಿದರು: “ಸುನ್ನೆವಾ ಹೇಳಿದ್ದು: ಇದು ದ್ವೇಷದ ಹಾಡಲ್ಲ, ನಿಮಗೇನು ಕಿವಿ ಕೇಳಲ್ವಾ? ಮೂರು ನಿಮಿಷ ಬಿಡದೆ ಬೈಯೋನು ಬಿಟ್ಟು ಹೋದವನಲ್ಲ. ಬಾಗಿಲಲ್ಲೇ ನಿಂತಿದ್ದಾನೆ. ಒಳಗಿರೋಳಿಗೆ ಬುದ್ಧಿ ಇದ್ರೆ ಬಾಗಿಲು ತೆಗೀಬೇಕು.”

ನನ್ನ ಕಿವಿ ಕೆಂಪಾದವು. ಓರ್ರಿ ತಲೆ ಎತ್ತಿ ನನ್ನನ್ನೇ ನೋಡಿದ. ಆ ನೋಟದಲ್ಲಿ ಜಗಳವಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

“ನನ್ನ ಹಾಡು ಅಂತ ಗೊತ್ತಿತ್ತಾ?”

“ಗೊತ್ತಿದ್ದಿದ್ರೆ ಸೊನ್ನೆ ಹಾಕ್ತಿದ್ದೆ.”

“ಹಾಗಿದ್ರೆ ಬುದ್ಧಿ ಇದೆಯಾ ನಿನಗೆ?”

ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು. “ಇದೆ ಕಣೋ,” ಅಂದೆ. “ಎರಡು ವರ್ಷದಿಂದ ಇದೆ. ಬೀಗ ಹಾಕಿಲ್ಲ. ಆದ್ರೆ ನಿನ್ನ ಹಾಡು...”

ಅವನು ಫೋನನ್ನು ಜೇಬಿಗೆ ಹಾಕಿದ. “ಮುಗಿದಿಲ್ಲ ಅಂತ ಬರ್ಕೊಳ್ಳಿ, ಆಲ್ಡಿಸ್. ಹಾಡು ಹೊರಗೆ.”

ಆಲ್ಡಿಸ್ ಬರೆದುಕೊಂಡರು. ಅವನ ಕಣ್ಣು ತುಂಬಿತ್ತು. ಹನ್ನೊಂದು ವರ್ಷ ಸುಮ್ಮನೆ ಆಗುವುದಿಲ್ಲ. ನಾನು ಹೋಗಿ ಅವನ ಮೂಗಿನ ಪಕ್ಕ ಒರೆಸಿದೆ, ಮಚ್ಚೆಯ ಹತ್ತಿರವೇ.

ಮಾರ್ಚ್‌ನಲ್ಲಿ ಫೈನಲ್ ನಡೆದಾಗ ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತ್ತು. ನಮ್ಮ ಸೋಫಾದಲ್ಲಿ ಒಣಮೀನು, ಬೆಣ್ಣೆ, ನಾವಿಬ್ಬರು. ಗೆದ್ದದ್ದು ಅವನ ಜಾಗಕ್ಕೆ ಬಂದ ಹಾಡೇ. ಓರ್ರಿ ದಿಂಬನ್ನು ಟಿವಿಗೆ ಎಸೆದ.

“ಎಲ್ಲಾ ನಿನ್ನಿಂದ,” ಅಂದ.

“ಹೌದು,” ಅಂದೆ. “ಮುಂದಿನ ವರ್ಷ ಆ ಸಮಿತಿಗೆ ನಾನು ಹೋಗಲ್ಲ. ನೀನು ಬರಿ.”

“ಏನು ಬರೀಲಿ? ಬೈಯೋಕೆ ಏನೂ ಉಳಿದಿಲ್ವಲ್ಲ.”

ನಾನೆದ್ದು ಹೋಗಿ ನನ್ನ ಒದ್ದೆ ಬೂಟುಗಳನ್ನು ತಂದು, ಅವನು ನೋಡುತ್ತಿರುವಂತೆಯೇ ಹೀಟರಿನ ಮೇಲಿಟ್ಟೆ.